ಮನೆಮಂದಿಯೆಲ್ಲ ಕಾರಂಜಿ ಕೆರೆಗೆ: ಒಂದು ಬೆಳಗಿನ ನಡಿಗೆಗೆ ಮಾರ್ಗದರ್ಶಿ

ಮೈಸೂರಿನಲ್ಲಿ ಚಿಕ್ಕ ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಸೇರಿ ಒಂದೆರಡು ಗಂಟೆ ಆರಾಮಾಗಿ ನಡೆದು ಬರಲು ಒಳ್ಳೆ ಜಾಗ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಕಾರಂಜಿ ಕೆರೆ. ಝೂ ಪಕ್ಕದಲ್ಲೇ ಇದೆ. ಚಾಮುಂಡಿ ಬೆಟ್ಟದ ತಪ್ಪಲಿನ ಕೆರೆ ಇದು. ಒಳಗೆ ಹೋದ ಮೇಲೆ ಬೈಕು, ಕಾರುಗಳ ಕಾಟವಿಲ್ಲ. ದಾರಿಯುದ್ದಕ್ಕೂ ಮರಗಳ ನೆರಳು, ಬಿದಿರಿನ ಮೆಳೆಗಳು, ಪಕ್ಕದಲ್ಲೇ ನೀರು. ಉದ್ಯಾನ ಎಲ್ಲ ಸೇರಿ ಸುಮಾರು 90 ಹೆಕ್ಟೇರ್ ಜಾಗ, ಅದರಲ್ಲಿ ನೀರು ಹರಡಿರುವುದು ಸುಮಾರು 55 ಹೆಕ್ಟೇರ್. ಮೃಗಾಲಯ ಪ್ರಾಧಿಕಾರವೇ ಇದನ್ನು ನೋಡಿಕೊಳ್ಳುತ್ತದೆ.

ಹೊರಡುವ ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಇಲ್ಲಿ ಎಷ್ಟು ದೂರ ಹೋಗುತ್ತೀರೋ ಅಷ್ಟೇ ದೂರ ವಾಪಸ್ ನಡೆಯಬೇಕು. ಹೋಗುವಾಗ ಓಡುತ್ತಿದ್ದ ಮಗು ಬರುವಾಗ ಹೆಗಲ ಮೇಲಿರುತ್ತದೆ. ಅಜ್ಜಿಯ ಮಂಡಿ ಹೋಗುವಾಗ ಸುಮ್ಮನಿದ್ದು ಬರುವಾಗ ಮಾತಾಡುತ್ತದೆ. ಹಾಗಾಗಿ ಎಲ್ಲಿಂದ ವಾಪಸ್ ತಿರುಗಬೇಕು ಅನ್ನುವುದೇ ಈ ನಡಿಗೆಯ ದೊಡ್ಡ ತೀರ್ಮಾನ. ಎಲ್ಲರಲ್ಲೂ ಇನ್ನೂ ಶಕ್ತಿ ಉಳಿದಿರುವಾಗಲೇ ತಿರುಗಿ. "ದುಡ್ಡು ಕೊಟ್ಟು ಬಂದಿದ್ದೀವಿ, ಪೂರ್ತಿ ನೋಡಲೇಬೇಕು" ಅಂತ ಹಟ ಹಿಡಿದರೆ ಮಕ್ಕಳಿಗೆ ಕೆರೆಯೂ ಬೇಡ, ನಡಿಗೆಯೂ ಬೇಡ ಅನ್ನಿಸಿಬಿಡುತ್ತದೆ. ಅದು ನಮ್ಮೂರವರಿಗೆ ದೊಡ್ಡ ನಷ್ಟ. ಇಷ್ಟು ಹತ್ತಿರದಲ್ಲಿ ಇಷ್ಟು ಚೆಂದದ ಜಾಗ ಎಷ್ಟು ಊರುಗಳಿಗಿದೆ ಹೇಳಿ.

ದಿನ ಮತ್ತು ಹೊತ್ತು

ಮಂಗಳವಾರ ಕಾರಂಜಿ ಕೆರೆಗೆ ರಜೆ, ಝೂಗೂ ರಜೆ. ಉಳಿದ ದಿನ ಬೆಳಿಗ್ಗೆ 8:30ಕ್ಕೆ ಗೇಟು ತೆರೆಯುತ್ತದೆ, ಸಂಜೆ 5:30ರವರೆಗೆ ಇರುತ್ತದೆ. ದಸರಾ ಸಮಯದಲ್ಲಿ ಈ ಲೆಕ್ಕ ಬದಲಾಗಬಹುದು. ಆಗಂತೂ ಝೂ ಸುತ್ತಮುತ್ತ ಕಾಲಿಡಲು ಜಾಗವಿರುವುದಿಲ್ಲ. ಊರಿನವರಾಗಿದ್ದರೆ ಆ ಹತ್ತು ದಿನ ಈ ಕಡೆ ಬರದೇ ಇರುವುದೇ ಒಳ್ಳೆಯದು. ಕೆರೆ ಎಲ್ಲಿಗೂ ಹೋಗುವುದಿಲ್ಲ.

ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ. ಮೊದಲ ಒಂದು ಗಂಟೆಯಲ್ಲಿ ಜನ ಕಡಿಮೆ, ಬಿಸಿಲು ಕಡಿಮೆ, ಹಕ್ಕಿಗಳ ಓಡಾಟ ಜಾಸ್ತಿ. ಹನ್ನೊಂದರ ಮೇಲೆ ಹಕ್ಕಿಗಳೂ ನೆರಳು ಹುಡುಕಿಕೊಂಡು ಕೂರುತ್ತವೆ. ಬೆಳಿಗ್ಗೆ ಆಗದಿದ್ದರೆ ಮಧ್ಯಾಹ್ನ ಮೂರೂವರೆ ಸುಮಾರಿಗೆ ಬನ್ನಿ. ಸಂಜೆ ಕೆರೆ ಬದಿಯಲ್ಲಿ ಸೊಳ್ಳೆ ಇರುತ್ತವೆ, ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ.

ತಿಂಗಳುಗಳಲ್ಲಿ ನನಗೆ ಇಷ್ಟ ನವೆಂಬರಿನಿಂದ ಫೆಬ್ರವರಿ. ಮೈಸೂರಿನ ಚಳಿ ಹದವಾಗಿರುತ್ತದೆ, ವಲಸೆ ಹಕ್ಕಿಗಳೂ ಬಂದಿರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಹತ್ತು ಗಂಟೆಗೆಲ್ಲ ಬಿಸಿಲು ಚುರ್ ಅನ್ನುತ್ತದೆ, ಆಗ ನಡಿಗೆಯನ್ನು ಅರ್ಧಕ್ಕೆ ಇಳಿಸಿ. ಮಳೆಗಾಲದಲ್ಲಿ ಮಣ್ಣಿನ ದಾರಿ ಜಾರುತ್ತದೆ. ಆದರೆ ಸಣ್ಣಗೆ ಹನಿ ಬೀಳುವಾಗ ಕೆರೆ ನೋಡುವ ಸುಖವೇ ಬೇರೆ. ಹಿಡಿತ ಇರುವ ಚಪ್ಪಲಿ, ಒಬ್ಬರಿಗೊಂದು ಕೊಡೆ ಇದ್ದರೆ ಅಡ್ಡಿಯಿಲ್ಲ. ಗುಡುಗು ಮಿಂಚು ಶುರುವಾದರೆ ಮಾತ್ರ ಮರದ ಕೆಳಗೆ ನಿಲ್ಲಬೇಡಿ, ನೀರಿನ ಹತ್ತಿರವೂ ಬೇಡ. ಸೀದಾ ಸೂರು ಇರುವ ಕಡೆಗೆ ನಡೆಯಿರಿ.

ಝೂ ಜೊತೆ ಸೇರಿಸಬೇಡಿ

ಇದನ್ನು ಒತ್ತಿ ಹೇಳುತ್ತೇನೆ. ಹೊರಗಿನಿಂದ ಬಂದವರು ಒಂದೇ ದಿನ ಝೂ, ಕೆರೆ ಎರಡನ್ನೂ ಮುಗಿಸಲು ನೋಡುತ್ತಾರೆ. ಎರಡಕ್ಕೂ ಸೇರಿಸಿ ಟಿಕೆಟ್ ಸಿಗುತ್ತದೆ ಅಂದಾಗ ಆಸೆಯಾಗುವುದು ಸಹಜ. ಆದರೆ ಝೂ ಒಂದನ್ನೇ ನೆಟ್ಟಗೆ ನೋಡಲು ಮೂರು ಗಂಟೆ ಬೇಕು. 1892ರಲ್ಲಿ ಶುರುವಾದ ಝೂ ಅದು, ಒಳಗೆ ನಡೆಯುವ ದಾರಿಯೇ ಕಿಲೋಮೀಟರುಗಟ್ಟಲೆ ಇದೆ. ಆನೆ, ಹುಲಿ, ಜಿರಾಫೆ ನೋಡಿದ ಮಗುವಿಗೆ ಆಮೇಲೆ ದೂರದಲ್ಲಿ ಕೂತ ನೀರುಕಾಗೆ ತೋರಿಸಿದರೆ ಅದು ಹೇಗೆ ತಾನೇ ನೋಡೀತು? ಕಾಲೂ ಸೋತಿರುತ್ತದೆ, ಕಣ್ಣೂ ಸೋತಿರುತ್ತದೆ. ಊರಿನವರು ಕೆರೆಗೆಂದೇ ಬೇರೆ ದಿನ ಇಟ್ಟುಕೊಳ್ಳಿ. ಹೊರಗಿನವರಿಗೆ ಒಂದೇ ದಿನ ಇದ್ದರೆ ಬೆಳಿಗ್ಗೆ ಕೆರೆ, ಊಟ, ವಿಶ್ರಾಂತಿ, ಆಮೇಲೆ ಝೂ. ಈ ಕ್ರಮ ಉಲ್ಟಾ ಮಾಡಬೇಡಿ.

ಚೀಲದಲ್ಲಿ ಏನಿರಬೇಕು

ಜಾಸ್ತಿ ಬೇಡ. ಸ್ಟೀಲ್ ಬಾಟಲಿಯಲ್ಲಿ ನೀರು, ತಲೆಗೆ ಟೋಪಿ ಅಥವಾ ಸೆರಗು, ಒಂದು ಚಿಕ್ಕ ಟವೆಲ್, ಚಿಕ್ಕ ಮಕ್ಕಳಿದ್ದರೆ ಒಂದು ಜೊತೆ ಬಟ್ಟೆ. ಹಿರಿಯರ ಮಾತ್ರೆಗಳು ಅವರವರ ಹತ್ತಿರವೇ ಇರಲಿ, ಕಾರಿನಲ್ಲಿ ಬಿಟ್ಟು ಬರಬೇಡಿ. ಪ್ಲಾಸ್ಟಿಕ್ ಕವರ್, ಚಿಪ್ಸ್ ಪ್ಯಾಕೆಟ್ ಮನೆಯಲ್ಲೇ ಇರಲಿ. ಗೇಟಿನಲ್ಲಿ ಚೀಲ ನೋಡುತ್ತಾರೆ, ನೋಡಲೇಬೇಕು ಕೂಡ. ನೀರಿಗೆ ಬಿದ್ದ ಒಂದು ಕವರ್ ಹಕ್ಕಿಯ ಕೊಕ್ಕಿಗೋ ಕಾಲಿಗೋ ಸಿಕ್ಕಿಕೊಂಡರೆ ಬಿಡಿಸಲು ಯಾರೂ ಇರುವುದಿಲ್ಲ.

ತಿಂಡಿ ಒಳಗೆ ಕೂತು ತಿನ್ನುವ ಯೋಜನೆ ಹಾಕಬೇಡಿ. ಮನೆಯಲ್ಲೇ ಇಡ್ಲಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿಂದು ಹೊರಡಿ. ಹಸಿದ ಮಗುವನ್ನು ಕರೆದುಕೊಂಡು ಕೆರೆ ಸುತ್ತುವುದು ಯಾರಿಗೂ ಸುಖವಿಲ್ಲ.

ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಖಂಡಿತ ತನ್ನಿ. ಕೊಳ್ಳುವ ಆಲೋಚನೆ ಇದ್ದರೆ ಅದರ ಮೇಲಿನ ಅಂಕಿ ನೋಡಿ. 8x42 ಅಂತಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು, ಭಾರವೂ ಹೆಚ್ಚು. ಮಕ್ಕಳ ಕೈಗೆ 8x30 ಹಗುರ. ಹತ್ತು, ಹನ್ನೆರಡು ಪಟ್ಟು ದೊಡ್ಡದು ಮಾಡುವುದನ್ನು ಕೊಡಿಸಬೇಡಿ, ಕೈ ಸ್ವಲ್ಪ ಅಲುಗಿದರೂ ಹಕ್ಕಿ ಕುಣಿದಂತೆ ಕಾಣುತ್ತದೆ. ಮಕ್ಕಳಿಗೆ ಒಂದು ಉಪಾಯ ಹೇಳಿಕೊಡಿ: ಮೊದಲು ಬರಿಗಣ್ಣಿನಲ್ಲಿ ಹಕ್ಕಿಯನ್ನು ನೋಡಿ, ಕಣ್ಣು ಅಲ್ಲಿಂದ ತೆಗೆಯದೆ ಬೈನಾಕ್ಯುಲರನ್ನು ಕಣ್ಣಿಗೆ ತಂದುಕೊಳ್ಳಬೇಕು. ಮೊದಲೇ ಕಣ್ಣಿಗೆ ಹಿಡಿದು ಹುಡುಕಿದರೆ ಬರೀ ಎಲೆ ಕಾಣುತ್ತದೆ. ಪಟ್ಟಿ ಕುತ್ತಿಗೆಗೆ ಹಾಕಿಯೇ ಕೊಡಿ.

ಗೇಟು ದಾಟಿದ ಮೇಲೆ

ಟಿಕೆಟ್ ಆದ ಕೂಡಲೇ ಎಲ್ಲರೂ ಒಂದು ಸಲ ಶೌಚಾಲಯಕ್ಕೆ ಹೋಗಿ ಬನ್ನಿ. "ನನಗೆ ಬೇಡ" ಅನ್ನುವ ಮಗುವನ್ನೂ ಕರೆದುಕೊಂಡು ಹೋಗಿ. ಆಮೇಲೆ ದೊಡ್ಡವರು ಒಂದು ಮಾತಾಡಿಕೊಳ್ಳಿ: ನೀರಿನ ಕಡೆ ಯಾರು ನಡೆಯುತ್ತಾರೆ, ಯಾವ ಮಗು ಯಾರ ಕೈಯಲ್ಲಿ. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಾಗಲೇ ಯಾರೂ ನೋಡಿಕೊಳ್ಳುತ್ತಿರುವುದಿಲ್ಲ, ಅಲ್ವಾ? ಒಂದು ಮಗುವಿಗೆ ಒಬ್ಬರು, ಹೆಸರು ಹೇಳಿಯೇ ಒಪ್ಪಿಸಿ. ಕೆರೆ ದಂಡೆಯಲ್ಲಿ ಹುಲ್ಲು ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುವುದಿಲ್ಲ. ದಾರಿ ಬಿಟ್ಟು ಇಳಿಯುವುದೇ ಬೇಡ. ಹುಲ್ಲಿನಲ್ಲಿ ಹಾವೂ ಇರಬಹುದು.

ನಡೆಯುವ ವೇಗ ಎಷ್ಟಿರಬೇಕು ಅಂದರೆ ನಿಮ್ಮಲ್ಲಿ ಎಲ್ಲರಿಗಿಂತ ನಿಧಾನ ಯಾರೋ, ಅವರನ್ನು ಮುಂದೆ ಬಿಡಿ. ಅವರ ಹಿಂದೆ ಉಳಿದವರು. ಅಜ್ಜಿ ಹಿಂದೆ ಉಳಿದು ಅವಸರ ಅವಸರವಾಗಿ ಬರುವ ಪಾಡು ತಪ್ಪುತ್ತದೆ. ಮಕ್ಕಳು ಸುಮ್ನೆ ಮುಂದೆ ಓಡುವುದೂ ಕಡಿಮೆಯಾಗುತ್ತದೆ, ಯಾಕೆಂದರೆ ಅಜ್ಜಿ ನಿಂತಲ್ಲಿ ಏನೋ ಕಂಡಿರುತ್ತದೆ. ಗರುಡ ಹಾರಿದರೆ ಕೈ ಮುಗಿಯುವುದು ಮನೆಯ ಹಿರಿಯರೇ. ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ, ನೀರಿನ ಮೇಲೆ ಸುತ್ತು ಹಾಕುತ್ತಿರುತ್ತದೆ. ಮಕ್ಕಳಿಗೂ ತಲೆ ಎತ್ತಿ ನೋಡುವ ಅಭ್ಯಾಸ ಹೀಗೇ ಬರುತ್ತದೆ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೂರಿ. ಬೆಂಚು ಕಂಡ ಕಡೆ ಕೂರಿ, ಸುಸ್ತಾದ ಮೇಲೆ ಬೆಂಚು ಹುಡುಕಬೇಡಿ.

ಹಕ್ಕಿ ನೋಡುವುದು

ಇಲ್ಲಿ ಹೊತ್ತು ಹೋದರೆ ಹೋಗಲಿ. ಈ ನಡಿಗೆಯ ನಿಜವಾದ ಸಂಪತ್ತು ಇದೇ.

ಮಕ್ಕಳಿಗೆ ಹೆಸರುಗಳ ಪಟ್ಟಿ ಒಪ್ಪಿಸಬೇಡಿ. ಒಂದೊಂದು ಹಕ್ಕಿ ಏನು ಮಾಡುತ್ತಿದೆ ಅಂತ ಕೇಳಿ. ನೋಡುವ ಕ್ರಮ ಸುಲಭ: ಮೊದಲು ನೀರಿನ ನಡುವೆ, ಆಮೇಲೆ ನಡುಗಡ್ಡೆಯ ಮರಗಳ ತುದಿ, ಕೊನೆಗೆ ದಡದ ಜೊಂಡಿನ ಅಂಚು. ಮೂರೂ ಕಡೆ ಬೇರೆ ಬೇರೆ ಹಕ್ಕಿಗಳಿರುತ್ತವೆ.

ಮರದ ತುದಿಯಲ್ಲಿ ದೊಡ್ಡದಾಗಿ, ಬೂದು ಬಿಳಿ ಬಣ್ಣದಲ್ಲಿ ಕೂತಿದ್ದರೆ ಅದು ಹೆಜ್ಜಾರ್ಲೆ. ರೆಕ್ಕೆ ಬಿಚ್ಚಿದಾಗ ತುದಿಯಿಂದ ತುದಿಗೆ ಎರಡು ಮೀಟರ್ ದಾಟುತ್ತದೆ, ಮನೆಯ ಬಾಗಿಲಿನ ಎತ್ತರಕ್ಕಿಂತ ಹೆಚ್ಚು. ಅಷ್ಟು ಭಾರದ ಹಕ್ಕಿ ನೀರಿಗೆ ಇಳಿಯುವುದನ್ನು ಒಮ್ಮೆ ಕಾದು ನೋಡಿ. ಕಾಲು ಮುಂದೆ ಚಾಚಿ, ನೀರನ್ನು ಸೀಳಿಕೊಂಡು ಬಂದು ನಿಲ್ಲುತ್ತದೆ. ಅದರ ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನು ತುಂಬಿಟ್ಟುಕೊಳ್ಳುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಚೀಲ ಇರುವುದು ಬಲೆಯ ಕೆಲಸಕ್ಕೆ. ನೀರು ಸಮೇತ ಮೀನನ್ನು ಬಾಚಿ, ತಲೆ ತಗ್ಗಿಸಿ ನೀರನ್ನು ಹೊರಗೆ ಬಿಟ್ಟು, ಆಮೇಲೆ ನುಂಗುತ್ತದೆ.

ಬಣ್ಣದ ಕೊಕ್ಕರೆ ಆಳವಿಲ್ಲದ ನೀರಿನಲ್ಲಿ ನಿಂತಿರುತ್ತದೆ. ಹಳದಿ ಕೊಕ್ಕು, ಬೆನ್ನಿನ ಹಿಂದೆ ಗುಲಾಬಿ ಬಣ್ಣ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಆಡಿಸುತ್ತಾ ನಡೆಯುತ್ತದೆ. ಮೀನು ಕಣ್ಣಿಗೆ ಕಾಣಬೇಕೆಂದಿಲ್ಲ, ಕೊಕ್ಕಿಗೆ ತಾಗಿದರೆ ಸಾಕು, ಪಟ್ಟನೆ ಮುಚ್ಚುತ್ತದೆ. ಕದಡಿದ ನೀರಿನಲ್ಲೂ ಅದಕ್ಕೆ ಊಟ ಸಿಗುವುದು ಹೀಗೆ. ಮರಿಗಳಿಗೆ ಈ ಗುಲಾಬಿ ಬಣ್ಣ ಇರುವುದಿಲ್ಲ, ಮಾಸಿದ ಕಂದು ಬಣ್ಣ. "ಯಾವುದು ಮರಿ, ಯಾವುದು ಅಮ್ಮ ಹುಡುಕು" ಅಂದರೆ ಮಕ್ಕಳು ತುಂಬ ಹೊತ್ತು ನೋಡುತ್ತಾರೆ.

ಈ ಎರಡು ಹಕ್ಕಿಗಳೂ ಮಂಡ್ಯ ಜಿಲ್ಲೆಯವರಿಗೆ ನೆಂಟರಿದ್ದ ಹಾಗೆ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ಪಕ್ಕದ ಹುಣಸೆ ಮರ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಓಡಿಸದೆ ಸಾಕಿಕೊಂಡು ಬಂದಿದ್ದಾರೆ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲೂ ಇವೆ. ಅದು 1940ರಲ್ಲಿ ಪಕ್ಷಿಧಾಮವಾಯಿತು, ಹಕ್ಕಿ ತಜ್ಞ ಸಲೀಂ ಅಲಿ ಅವರು ಮಹಾರಾಜರಿಗೆ ಹೇಳಿ ಮಾಡಿಸಿದ್ದು. ಹಾರುವ ಹಕ್ಕಿಗೆ ಇವೆಲ್ಲ ದೂರವೇನಲ್ಲ. ಒಂದು ಕೆರೆ ಹಾಳಾದರೆ ಸುತ್ತಲಿನ ಎಲ್ಲ ಕಡೆಯ ಹಕ್ಕಿಗಳಿಗೂ ಊಟ ಕಡಿಮೆಯಾಗುತ್ತದೆ. ಮಕ್ಕಳಿಗೆ ಇದನ್ನು ಕೆರೆಯ ಮುಂದೆ ನಿಂತೇ ಹೇಳಿ, ಚೆನ್ನಾಗಿ ಅರ್ಥವಾಗುತ್ತದೆ.

ಒಣಗಿದ ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು ರೆಕ್ಕೆ ಅಗಲಿಸಿಕೊಂಡು ಸುಮ್ಮನೆ ಕೂತಿದ್ದರೆ ಅದು ನೀರುಕಾಗೆ. ಅದರ ಗರಿಗಳು ನೀರನ್ನು ಹೀರಿಕೊಳ್ಳುತ್ತವೆ. ಒದ್ದೆಯಾದಾಗ ಮೈ ಸ್ವಲ್ಪ ಭಾರವಾಗಿ ಮುಳುಗು ಹಾಕುವುದು ಸುಲಭ. ಆದರೆ ಆಮೇಲೆ ರೆಕ್ಕೆ ಒಣಗಿಸಿಕೊಳ್ಳಲೇಬೇಕು. ಅದರ ಹತ್ತಿರದ ಸಂಬಂಧಿ ಹಾವಕ್ಕಿ. ಈಜುವಾಗ ಮೈಯೆಲ್ಲ ನೀರೊಳಗೆ, ಉದ್ದ ಕುತ್ತಿಗೆ ಮಾತ್ರ ಮೇಲೆ. ಮೊದಲ ಸಲ ನೋಡಿದವರು ಹಾವು ಅಂತಲೇ ಬೆಚ್ಚುತ್ತಾರೆ.

ಜೊಂಡಿನ ಅಂಚಿನಲ್ಲಿ ನೇರಳೆ ಬಣ್ಣದ ಮೈ, ಕೆಂಪು ಕೊಕ್ಕಿನ ಜಂಬುಕೋಳಿ ಓಡಾಡುತ್ತಿರುತ್ತದೆ. ಕಪ್ಪು ಮೈ, ಹಣೆಯಲ್ಲಿ ಬಿಳಿ ಇದ್ದರೆ ನಾಮದಕೋಳಿ. ಮಿಂಚುಳ್ಳಿ ಕಾಣಲು ತಾಳ್ಮೆ ಬೇಕು. ಕಪ್ಪು ಬಿಳುಪಿನ ಮಿಂಚುಳ್ಳಿ ಸಿಕ್ಕರೆ ಬಿಡಬೇಡಿ, ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುತ್ತದೆ.

ಹಕ್ಕಿಗಳಿಗಾಗಲಿ ಮೀನಿಗಾಗಲಿ ಏನನ್ನೂ ಹಾಕಬೇಡಿ. ಬ್ರೆಡ್ಡು, ಪುರಿ, ಬಿಸ್ಕತ್ತು ನೀರಿನಲ್ಲಿ ಕೊಳೆಯುತ್ತವೆ, ಕೊಳೆಯುವಾಗ ನೀರಿನ ಆಮ್ಲಜನಕ ತಿಂದುಹಾಕುತ್ತವೆ. ಅದರಿಂದ ತೊಂದರೆಯಾಗುವುದು ಅದೇ ಮೀನಿಗೆ. ಮಕ್ಕಳಿಗೆ ಕಲ್ಲು ಎಸೆಯುವ ಆಸೆ ಇರುತ್ತದೆ. ಗದರಿಸುವ ಬದಲು ಕೈಗೆ ಬೈನಾಕ್ಯುಲರ್ ಕೊಡಿ.

ಏರಿಯ ಮೇಲೆ ನಿಂತು

ಕೆರೆ ಏರಿ ಸಿಕ್ಕಾಗ ಐದು ನಿಮಿಷ ನಿಲ್ಲಿ. ಈಗಿನ ಮಕ್ಕಳಿಗೆ ಕೆರೆ ಅಂದರೆ ತಾನಾಗಿ ಆದ ನೀರಿನ ಗುಂಡಿ ಅಂತ ಅನ್ನಿಸಿಬಿಟ್ಟಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನ ನೆಲ, ನಡುವೆ ಈ ಏರಿ. ಇಳಿಜಾರಿನಲ್ಲಿ ಹರಿದು ಬರುವ ಮಳೆ ನೀರನ್ನು ಮಣ್ಣಿನ ಗೋಡೆ ಕಟ್ಟಿ ನಿಲ್ಲಿಸಿದ್ದಾರೆ. ನೀರನ್ನು ಬೇಕಾದಷ್ಟೇ ಬಿಡಲು ತೂಬು, ಹೆಚ್ಚಾದಾಗ ಏರಿ ಒಡೆಯದ ಹಾಗೆ ಹರಿದುಹೋಗಲು ಕೋಡಿ. ನಮ್ಮ ಕಡೆಯ ಯಾವ ಊರಿನ ಕೆರೆಗೆ ಹೋದರೂ ಈ ಮೂರು ಇದ್ದೇ ಇರುತ್ತವೆ. ಅಜ್ಜ ಹಳ್ಳಿಯಲ್ಲಿ ಬೆಳೆದವರಾದರೆ ಈ ಭಾಗ ಅವರಿಗೇ ಬಿಟ್ಟುಬಿಡಿ. ಕೋಡಿ ಬಿದ್ದ ವರ್ಷ ಊರಲ್ಲಿ ಏನಾಗುತ್ತಿತ್ತು ಅಂತ ಅವರು ಹೇಳುವ ಹಾಗೆ ಯಾರೂ ಹೇಳಲಾರರು.

ಕಾರಂಜಿಗೆ ನೀರು ಬರುವುದು ಚಾಮುಂಡಿ ಬೆಟ್ಟದ ಕಡೆಯ ಇಳಿಜಾರಿನಿಂದ. ಬೆಟ್ಟದ ತಪ್ಪಲಿನಲ್ಲಿ ಕಟ್ಟಡಗಳು ಎದ್ದಷ್ಟೂ, ರಾಜಕಾಲುವೆಗಳು ಮುಚ್ಚಿದಷ್ಟೂ ಈ ಕೆರೆಗೆ ಮಳೆ ನೀರು ಕಡಿಮೆಯಾಗುತ್ತದೆ, ಕೊಳಚೆ ಜಾಸ್ತಿಯಾಗುತ್ತದೆ. ಹಿಂದೆ ಇಲ್ಲಿಗೂ ಚರಂಡಿ ನೀರು ಸೇರಿ ಕೆರೆ ಕೆಟ್ಟಿತ್ತು, ಸರಿಮಾಡಿ ಉದ್ಯಾನ ಮಾಡಿದ್ದಾರೆ. ನೀರು ತೀರಾ ಹಸಿರಾಗಿ ಕಂಡರೆ ಅದು ಪಾಚಿ. ಕೊಳಚೆಯಲ್ಲಿರುವ ಪೋಷಕಾಂಶವೇ ಅದಕ್ಕೆ ಗೊಬ್ಬರ. ಮಕ್ಕಳು ಕೆರೆ ನೀರು ಮುಟ್ಟಿದರೆ ಸೋಪು ಹಾಕಿ ಕೈ ತೊಳೆಸಿ.

ಪಕ್ಷಿಮನೆ, ಚಿಟ್ಟೆ, ದೋಣಿ

ಒಳಗೇ ನಡೆದು ಹೋಗಬಹುದಾದ ದೊಡ್ಡ ಪಕ್ಷಿಮನೆ ಇಲ್ಲಿದೆ. ಬಲೆ ಮೇಲೆಲ್ಲೋ ಎತ್ತರದಲ್ಲಿ, ಹಕ್ಕಿಗಳು ನಿಮ್ಮ ಅಕ್ಕಪಕ್ಕದಲ್ಲೇ. ನವಿಲು ದಾರಿಯ ಮೇಲೇ ಬರಬಹುದು. ಒಳಗೆ ಹೋಗುವ ಮೊದಲು ಮಕ್ಕಳಿಗೆ ಹೇಳಿ: ಕೂಗಬಾರದು, ಅಟ್ಟಿಸಿಕೊಂಡು ಹೋಗಬಾರದು. ಒಂದು ಕಡೆ ಅಲುಗದೆ ನಿಂತರೆ ಹಕ್ಕಿಗಳೇ ಹತ್ತಿರ ಬರುತ್ತವೆ. ದೂರದ ಹಕ್ಕಿ ಕಾಣದೆ ಬೇಜಾರಾದ ಚಿಕ್ಕ ಮಕ್ಕಳಿಗೆ ಇದು ಖುಷಿ ಕೊಡುವ ಜಾಗ.

ಚಿಟ್ಟೆ ಉದ್ಯಾನಕ್ಕೆ ಬಿಸಿಲು ಸ್ವಲ್ಪ ಏರಿದ ಮೇಲೆ ಹೋಗಿ. ಚಿಟ್ಟೆಯ ಮೈ ಬೆಚ್ಚಗಾಗದೆ ಅದು ಚೆನ್ನಾಗಿ ಹಾರಲಾರದು. ಬೆಳಿಗ್ಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂತಿರುವುದು ಅದಕ್ಕೇ. ಮೋಡ ಕವಿದ ದಿನವಾದರೆ ಇದನ್ನು ಬಿಟ್ಟು ಮುಂದೆ ಹೋಗಿ. ಮನೆಗೆ ಹೋದ ಮೇಲೆ ಕರಿಬೇವು ಅಥವಾ ನಿಂಬೆ ಗಿಡದ ಎಲೆ ತಿರುಗಿಸಿ ನೋಡಲು ಹೇಳಿ. ಕೆಲವು ಜಾತಿಯ ಚಿಟ್ಟೆಗಳು ಅಲ್ಲೇ ಮೊಟ್ಟೆ ಇಡುತ್ತವೆ. ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಪುಟ್ಟ ಹುಳು ಸಿಕ್ಕರೆ ಅದನ್ನು ಕಿತ್ತು ಎಸೆಯಬೇಡಿ.

ದೋಣಿ ವಿಹಾರ ಇದೆ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಮಕ್ಕಳಿಗೆ ಕೊಟ್ಟ ಜಾಕೆಟ್ ಸಡಿಲವಾಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಕಿವಿ ತನಕ ಬಂದರೆ ಚಿಕ್ಕ ಸೈಜು ಕೇಳಿ. ದೋಣಿಯಲ್ಲಿ ಎದ್ದು ನಿಂತು ಸೆಲ್ಫಿ ಬೇಡ. ಮಂಡಿ ನೋವಿರುವ ಹಿರಿಯರಿಗೆ ಹತ್ತುವುದು ಇಳಿಯುವುದೇ ಕಷ್ಟ, ಒತ್ತಾಯ ಮಾಡದೆ ದಡದ ನೆರಳಲ್ಲಿ ಕೂರಿಸಿ, ಜೊತೆಗೆ ಒಬ್ಬರು ಇರಿ. ಹಕ್ಕಿಗಳು ಕೂತ ನಡುಗಡ್ಡೆಯಿಂದ ದೂರವೇ ಇರಿ. ಗೂಡಿನ ಮೇಲಿರುವ ಹಕ್ಕಿ ಹೆದರಿ ಎದ್ದರೆ ಮೊಟ್ಟೆ, ಮರಿ ಬಿಸಿಲಿಗೆ ಬೀಳುತ್ತವೆ.

ಈ ಮೂರನ್ನೂ ಒಂದೇ ದಿನ ಮಾಡಲೇಬೇಕೆಂದಿಲ್ಲ. ನನ್ನನ್ನು ಕೇಳಿದರೆ ಪಕ್ಷಿಮನೆ ಬಿಡಬೇಡಿ, ದೋಣಿ ಬಿಡಬಹುದು.

ವಾಪಸ್

ಮಗು "ಇನ್ನೆಷ್ಟು ದೂರ" ಅಂತ ಕೇಳಿದ ಮೊದಲ ಸಲವೇ ತಿರುಗಿ. ಎರಡನೇ ಸಲ ಕೇಳುವವರೆಗೆ ಕಾಯಬೇಡಿ. ಬರುವಾಗ ಅದೇ ದಾರಿಯಾದರೂ ಬೆಳಕು ಬದಲಾಗಿರುತ್ತದೆ, ಹೋಗುವಾಗ ಕಾಣದ ಹಕ್ಕಿ ಈಗ ಕಾಣಬಹುದು. ಮಕ್ಕಳಿಗೆ ಒಂದು ಕೆಲಸ ಕೊಡಿ: ಹೋಗುವಾಗ ನೀರುಕಾಗೆ ಕೂತಿದ್ದ ಕೊಂಬೆ ಯಾವುದು, ಈಗಲೂ ಅಲ್ಲೇ ಇದೆಯಾ? ಕಾಲು ನೋವು ಮರೆತು ನಡೆಯುತ್ತಾರೆ.

ಹೊರಗೆ ಬಂದ ಮೇಲೆ ಸೌತೆಕಾಯಿ ತಿಂದು, ಎಳನೀರು ಕುಡಿದು ಸ್ವಲ್ಪ ಕೂರಿ. ಇನ್ನೂ ಹುರುಪಿದ್ದರೆ, ಅಥವಾ ಮಳೆ ಬಂದರೆ, ಕೆರೆ ದಂಡೆಯ ಮೇಲೇ ಇರುವ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ ಇದೆ. ಅದರ ದಾರಿ ತಿ. ನರಸೀಪುರ ರಸ್ತೆಯ ಕಡೆಯಿಂದ. ಸೋಮವಾರ ಅದಕ್ಕೆ ರಜೆ.

ನಿಮಗೆ ಮಂಗಳವಾರವೇ ಬಿಡುವು ಅಂದರೆ ಕುಕ್ಕರಹಳ್ಳಿ ಕೆರೆಗೆ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು, ಈಗ ಮೈಸೂರು ವಿಶ್ವವಿದ್ಯಾನಿಲಯ ನೋಡಿಕೊಳ್ಳುತ್ತದೆ, ಮಾನಸಗಂಗೋತ್ರಿ ಪಕ್ಕದಲ್ಲೇ. ಅಲ್ಲಿ ಪೂರ್ತಿ ಒಂದು ಸುತ್ತು ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು, ಚಿಕ್ಕ ಮಕ್ಕಳಿಗೆ ಅದು ಜಾಸ್ತಿ. ಏರಿಯ ಮೇಲೆ ಸ್ವಲ್ಪ ದೂರ ಹೋಗಿ ಬನ್ನಿ, ಸಾಕು. ಅಲ್ಲಿಗೆ ಹೋಗಬೇಕಾದದ್ದು ಬೆಳಿಗ್ಗೆ ಬೇಗ ಅಥವಾ ಸಂಜೆ, ವಾಕಿಂಗ್ ಮಾಡುವವರ ಹೊತ್ತಿನಲ್ಲಿ.